ಯಕ್ಷಗಾನ ಆಟದ ಬ್ಯಾನರ್ ಮೇಲೆ ಮನೆ ಗ್ರೂಪಲ್ಲಿ ಚರ್ಚೆ

ಬಾವ: (ಫೋಟೋ) ನಿನ್ನೆ ಉಡುಪಿಯ ಆಟ. ಪೂರಾ ಖರ್ಚು ಒಂದು ಕಂಪೆನಿಯದ್ದು, ಟಿಕೆಟ್ ಇಲ್ಲ, ಊಟ ಸಹ ಇತ್ತು. ಸಿಎಸ್ಆರ್ (ಕಂಪೆನಿ ಸಮಾಜಕ್ಕೆ ಮಾಡುವ ಖರ್ಚು) ಅಂದ್ರೆ ಹೀಗಿರ್ಬೇಕು 👏

ದೊಡ್ಡಪ್ಪ: ಝೂಮ್ ಮಾಡಿ ನೋಡಿದೆ. ಕಂಪೆನಿ ಹೆಸರು ಅಷ್ಟು ದೊಡ್ಡದಾಗಿ ಉಂಟು, ಹೊಸ ಸ್ಕೀಮಿನ ರೇಟು ಸಹ ಉಂಟು, ಪದ್ಯ ಹಾಡಿ ಆಟ ನಡೆಸುವ ಭಾಗವತರ ಹೆಸರೇ ಇಲ್ಲ. ಇದು ಕಲೆಗೆ ಕೊಟ್ಟದ್ದಾ?

ಬಾವ: ಎಂತದು ದೊಡ್ಡಪ್ಪ, ದುಡ್ಡು ಹಾಕಿದವರ ಹೆಸರು ಹಾಕ್ಬಾರ್ದಾ? ಹರಕೆ ಆಟದಲ್ಲೂ ಸೇವಾಕರ್ತರ ಹೆಸರು ಹಾಕ್ತಾರಲ್ಲ

ಅಕ್ಕ: ಹೆಸರು ಹಾಕ್ಲಿ ಬಾವ, ಆದ್ರೆ ಅದನ್ನು ಸಿಎಸ್ಆರ್ ಅಂತ ಹೇಳ್ಬೇಡಿ. 2013ರ ಕಂಪೆನಿ ಕಾಯ್ದೆ 135ನೇ ಸೆಕ್ಷನ್ ಪ್ರಕಾರ 5 ಕೋಟಿ ನಿವ್ವಳ ಲಾಭ ಇದ್ರೂ ಸಾಕು, ಹಿಂದಿನ 3 ವರ್ಷದ ಸರಾಸರಿ ಲಾಭದ 2% ಕೊಡ್ಲೇಬೇಕು, ಕೊಡುವ ವಿಷಯಗಳ ಪಟ್ಟಿಯಲ್ಲಿ ಕಲೆ, ಸಂಸ್ಕೃತಿ, ಹಳೇ ಕಟ್ಟಡ ಉಳಿಸೋದು, ಲೈಬ್ರರಿ, ಕೈಕಸುಬು ಎಲ್ಲ ಉಂಟು. ಆದ್ರೆ ತನ್ನ ಮಾಲಿನ ಮಾರ್ಕೆಟಿಂಗಿಗೆ ಮಾಡಿದ ಸ್ಪಾನ್ಸರ್‌ಶಿಪ್ ಲೆಕ್ಕಕ್ಕಿಲ್ಲ ಅಂತ ಸಿಎಸ್ಆರ್ ನಿಯಮಗಳ 2021ರ ತಿದ್ದುಪಡಿಯಲ್ಲಿ ಸ್ಪಷ್ಟ ಬರ್ದಿದ್ದಾರೆ

ಬಾವ: ಕಾನೂನು ಇರ್ಲಿ. ಅವರು ಕೊಡದಿದ್ರೆ ಆಟವೇ ಇಲ್ಲ

ಚಿಕ್ಕಮ್ಮ: ಹಾಗೆ ಹೇಳ್ಬೇಡಿ. ಕಟೀಲು, ಮಂದಾರ್ತಿ ಮೇಳದ ಹರಕೆ ಆಟಕ್ಕೆ ಬುಕ್ ಮಾಡಿ ವರ್ಷಗಟ್ಟಲೆ ಕಾಯ್ತಾರೆ, ಅದು ಭಕ್ತರ ದುಡ್ಡಿಂದಲೇ ನಡೆಯೋದು

ಅಕ್ಕ: ಹೌದು ಚಿಕ್ಕಮ್ಮ, ಆಟ ಆಡಿಸ್ಲಿಕ್ಕೆ ಜನ ಇದ್ದಾರೆ. ಯಾರೂ ಇಲ್ಲದ್ದು ಚೌಕಿಯ (ವೇಷ ಕಟ್ಟುವ ಕೋಣೆ) ಹಿಂದಿನ ಕೆಲಸಕ್ಕೆ. ಹಗುರ ಮರದಲ್ಲಿ ಕಿರೀಟ ಕೆತ್ತಿ ಬೇಗಡೆ (ಹೊಳೆಯುವ ತೆಳು ಹಾಳೆ) ಅಂಟಿಸೋದು, ಮಣಿ ಪೋಣಿಸೋದು, ಚಂಡೆಗೆ ಚರ್ಮ ಬಿಗಿಯೋದು, ಇದನ್ನು ಕಲೀಲಿಕ್ಕೆ ಬರುವ ಹುಡುಗನಿಗೆ ಎರಡು ವರ್ಷ ಸ್ಟೈಪೆಂಡ್ ಕೊಡುವವರು ಯಾರು? ಮಳೆಗಾಲದ ಮುಂಚೆ ಮೇಳಗಳ ತಿರುಗಾಟ ಮುಗಿಯುವ ಪತ್ತನಾಜೆ ದಿನ ಕಳೆದು ಗೆಜ್ಜೆ ಬಿಚ್ಚಿದ ಮೇಲೆ ಮುಂದಿನ ತಿರುಗಾಟದವರೆಗೆ ಎಷ್ಟೋ ಕಲಾವಿದರು ಬೇರೆ ಕೆಲಸ ಹುಡುಕ್ಬೇಕು, ಆ ಮಳೆಗಾಲದಲ್ಲಿ ಅವರಿಂದಲೇ ಶಾಲೆ ಮಕ್ಕಳಿಗೆ ನಾಟ್ಯ ಕಲಿಸಿ ಸಂಬಳ ಕೊಡ್ಬಹುದಲ್ವಾ? ಒಂದು ರಾತ್ರಿಯ ಪೆಂಡಾಲ್, ಲೈಟು, ಊಟಕ್ಕೆ ಹೋಗುವ ದುಡ್ಡು ಉಂಟಲ್ಲ, ಅದರಲ್ಲೇ ಆಗ್ತದೆ

ದೊಡ್ಡಪ್ಪ: ಸರಿಯಾಗಿ ಹೇಳಿದೆ ಮಗಾ. ಉಡುಪಿಯ ಯಕ್ಷಗಾನ ಕೇಂದ್ರದಲ್ಲಿ ಮಕ್ಕಳನ್ನು ಅಲ್ಲೇ ಇಟ್ಟುಕೊಂಡು ಕಲಿಸ್ತಾರೆ, ಕೊಡೋದಾದ್ರೆ ಅಂಥಾ ಕಡೆ ಕೊಡ್ಲಿ

ಸಣ್ಣಣ್ಣ: ಕೇಳ್ಲಿಕ್ಕೆ ಸುಲಭ ಅಕ್ಕ. ಸಂಘಕ್ಕೆ ಆದಾಯ ತೆರಿಗೆಯವರ ನೋಂದಣಿ ಬೇಕು, ದಾನಕ್ಕೆ ತೆರಿಗೆ ರಿಯಾಯಿತಿಯ ಮಾನ್ಯತೆ ಬೇಕು, ಸಿಎಸ್ಆರ್ ಕೆಲಸಕ್ಕೆ ನೋಂದಾಯಿಸುವ ಸಿಎಸ್ಆರ್-1 ಫಾರ್ಮ್ ಹಾಕ್ಬೇಕು, 3 ವರ್ಷದ ಅನುಭವ ತೋರಿಸ್ಬೇಕು. ನಮ್ಮ ಹವ್ಯಾಸಿ ಸಂಘದ ಲೆಕ್ಕ ಒಂದು ನೋಟ್‌ಬುಕ್ಕಲ್ಲಿ ಉಂಟು. ಬ್ಯಾನರ್ ದುಡ್ಡಿಗೆ ಇದ್ಯಾವುದೂ ಬೇಡ, ಅದಕ್ಕೇ ಎಲ್ಲರೂ ಅಲ್ಲಿಗೆ ಹೋಗೋದು

ಅಕ್ಕ: ಸಂಘದ ಮೂಲಕವೇ ಆಗ್ಬೇಕು ಅಂತಿಲ್ಲ, ಕಂಪೆನಿ ತಾನೇ ನೇರವಾಗಿ ಖರ್ಚು ಮಾಡ್ಬಹುದು, ತಾನಿರುವ ಊರಿನ ಸುತ್ತಮುತ್ತಕ್ಕೆ ಮೊದಲು ಕೊಡ್ಬೇಕು ಅಂತಲೂ ಕಾಯ್ದೆಯಲ್ಲಿ ಉಂಟು. ಆದ್ರೆ ನಾವು ಹೋಗಿ ದುಡ್ಡು ಕೇಳೋದು ಆಟಕ್ಕೆ ಮಾತ್ರ

ಬಾವ: ಎರಡೂ ಬೇಕು ಅಂತ ನನ್ನ ಅಭಿಪ್ರಾಯ. ನಿನ್ನೆ ಮಕ್ಕಳೇ ತುಂಬಿದ್ರು ಎದುರಿಗೆ, ಫ್ರೀ ಇದ್ದದ್ದಕ್ಕೇ ಬಂದದ್ದು

ಅಕ್ಕ: ಬಂದ ಮಕ್ಕಳಲ್ಲಿ ಒಬ್ಬನಿಗೆ ಚಂಡೆ ಕಲೀಬೇಕು ಅಂತ ಆಸೆ ಆದ್ರೆ ಅವನು ಎಲ್ಲಿಗೆ ಹೋಗ್ಬೇಕು ಬಾವ? ಕಂಪೆನಿಯಲ್ಲಿ ನಿಮಗೆ ಗುರ್ತದವರು ಇದ್ದಾರಲ್ಲ, ಮಳೆಗಾಲದ ತರಬೇತಿಗೆ ಒಂದು ಪ್ರಸ್ತಾವನೆ ನಾನು ಬರೆದು ಕೊಡ್ತೇನೆ, ನೀವು ತಲುಪಿಸಿ

ಬಾವ: ಬರಿ. ಸೋಮವಾರ ಹೋಗ್ಲಿಕ್ಕುಂಟು ಆ ಕಡೆ