ಸಹಾಯ ಬೇಕು: ನಿಮ್ಮೂರಿನ ಮೆಡಿಕಲ್‌ನಲ್ಲಿ ಓಆರ್‌ಎಸ್ ಕೇಳಿದರೆ ಏನು ಕೊಡ್ತಾರೆ?

ಎಲ್ಲರಿಗೂ ನಮಸ್ಕಾರ. ಅಂಗನವಾಡಿ ಮಕ್ಕಳ ತಾಯಂದಿರಿಗೆ ಒಂದು ಪುಟದ ಕರಪತ್ರ ಮಾಡ್ತಿದ್ದೇವೆ. ನಿಮ್ಮಲ್ಲಿ ಸಿಗುವ ಓಆರ್‌ಎಸ್ (ಭೇದಿಯಾದಾಗ ನೀರಲ್ಲಿ ಕಲಸಿ ಕುಡಿಸುವ ಉಪ್ಪು-ಗ್ಲುಕೋಸ್ ಪುಡಿ) ಪ್ಯಾಕೆಟ್ಟಿನ ಹಿಂಬದಿಯ ಫೋಟೊ ಬೇಕು, ಅಕ್ಷರ ಓದೋ ಹಾಗಿರಲಿ.

ಸಿಹಿ ಪಾನೀಯದ ಹೆಸರಲ್ಲಿ ‘ಓಆರ್‌ಎಸ್’ ಬಳಸುವಂತಿಲ್ಲ ಎಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ 2025ರ ಅಕ್ಟೋಬರ್‌ನಲ್ಲಿ ಆದೇಶಿಸಿದೆ. ಆ ಹೆಸರಿನ ಪಾನೀಯದ ಹಳೇ ಟೆಟ್ರಾ ಪ್ಯಾಕ್ ಎಲ್ಲಾದರೂ ಉಳಿದಿದೆಯಾ, ನೋಡಿ ಹೇಳಿ. ಭೇದಿಯಾಗುತ್ತಿರುವ ಮಗುವಿಗೆ ಅದನ್ನು ಕುಡಿಸಿದರೆ ಹೆಚ್ಚಿನ ಸಕ್ಕರೆ ಕರುಳಿನೊಳಕ್ಕೆ ನೀರೆಳೆದು ಭೇದಿ ಇನ್ನೂ ಜಾಸ್ತಿಯಾಗುತ್ತೆ.

ಅಸಲಿ ಪುಡಿಯಲ್ಲಿ ಲೀಟರಿಗೆ ಗ್ಲುಕೋಸ್ 13.5 ಗ್ರಾಂ, ಉಪ್ಪು 2.6, ಪೊಟ್ಯಾಸಿಯಂ ಕ್ಲೋರೈಡ್ 1.5, ಟ್ರೈಸೋಡಿಯಂ ಸಿಟ್ರೇಟ್ 2.9 ಇರುತ್ತೆ. ಪ್ಯಾಕೆಟ್ಟಿನ ಮುಂಬದಿಯಲ್ಲಿ ‘ಡಬ್ಲ್ಯುಎಚ್‌ಓ’ (ವಿಶ್ವ ಆರೋಗ್ಯ ಸಂಸ್ಥೆ) ಅಂತ ದಪ್ಪಕ್ಷರ ಇದ್ದರೆ ಸಾಲದು, ಹಿಂಬದಿಯಲ್ಲಿ ಈ ಅಂಕಿ ತಾಳೆಯಾಗಬೇಕು.

ಇನ್ನೊಂದು, 200 ಎಂಎಲ್ ನೀರಿಗೆ ಹಾಕುವ ಸಣ್ಣ ಸ್ಯಾಚೆ ಎಲ್ಲೆಲ್ಲಿ ಸಿಗುತ್ತೆ, ಬೆಲೆ ಎಷ್ಟು? ಲೀಟರ್ ಪ್ಯಾಕೆಟ್ ಒಡೆದು ಲೋಟಕ್ಕೊಂದು ಚಮಚ ಅಂತ ಅಂದಾಜಲ್ಲಿ ಕಲಸುವುದೇ ದೊಡ್ಡ ತಲೆನೋವು. ಪುಡಿ ಹೆಚ್ಚಾದರೆ ರಕ್ತದಲ್ಲಿ ಸೋಡಿಯಂ (ಉಪ್ಪಿನಂಶ) ಏರುತ್ತೆ. ಪೂರ್ತಿ ಪ್ಯಾಕೆಟ್ಟಿಗೆ ಪೂರ್ತಿ ಲೀಟರ್ ಕುದಿಸಿ ಆರಿಸಿದ ನೀರು. 24 ಗಂಟೆ ಕಳೆದರೆ ಉಳಿದದ್ದು ಚೆಲ್ಲಬೇಕು.

ಫೋಟೊ ಜೊತೆ ಊರು, ತಾಲ್ಲೂಕು ಬರೆಯಿರಿ. ಅಂಗಡಿ ಹೆಸರು ಬೇಡ.