ಡಂಬಳದ ದೇವಾಲಯವನ್ನು ಅಮೂರ್ತ ಚಿತ್ರವಾಗಿಸುವುದು ಹೇಗೆ?

ಪ್ರಶ್ನೆ:
ಗದಗ ಜಿಲ್ಲೆಯ ಡಂಬಳದ ದೊಡ್ಡಬಸಪ್ಪ ದೇವಾಲಯವನ್ನು ಆಧರಿಸಿ ಅಮೂರ್ತ ಚಿತ್ರಗಳ ಸರಣಿಯೊಂದನ್ನು ರಚಿಸಬೇಕೆಂದಿದ್ದೇನೆ. ಸ್ಥಳದಲ್ಲಿ ಬರೆದುಕೊಂಡ ರೇಖಾಚಿತ್ರಗಳು ಸಾಕಷ್ಟಿವೆ. ಆದರೆ ಕ್ಯಾನ್ವಾಸಿಗೆ ತಂದಾಗ ಅವು ಶಿಖರ, ಕಂಬ ಎಂದು ಗುರುತು ಸಿಗುವ ದೃಶ್ಯಗಳಾಗಿಯೇ ಉಳಿಯುತ್ತವೆ. ವಿವರಗಳನ್ನು ಬಿಡುತ್ತ ಹೋದರೆ ಸೀರೆಯ ಅಂಚಿನಂತೆ ಬರಿಯ ಅಲಂಕಾರವಾಗುತ್ತದೆ. ಅನುಭವವುಳ್ಳವರು ದಾರಿ ತೋರಿಸಬೇಕೆಂದು ಕೋರುತ್ತೇನೆ.

ಉತ್ತರ 1:
ಕೆತ್ತನೆಯನ್ನು ಬಿಟ್ಟು ತಳವಿನ್ಯಾಸವನ್ನು, ಅಂದರೆ ಗುಡಿಯ ನೆಲನಕ್ಷೆಯನ್ನು, ಹಿಡಿಯಿರಿ. ಕಲ್ಯಾಣ ಚಾಲುಕ್ಯರ ಕಾಲದ, 12ನೆಯ ಶತಮಾನದ ಈ ಗುಡಿಯ ಗರ್ಭಗೃಹದ ಹೊರಗೋಡೆ 24 ಮೂಲೆಗಳ ನಕ್ಷತ್ರ. ಒಂದೇ ಕೇಂದ್ರದ ಮೇಲೆ ಚೌಕವನ್ನು 15 ಡಿಗ್ರಿಯಂತೆ ತಿರುಗಿಸುತ್ತ ಹೋದರೆ ಆರು ಚೌಕಗಳ ಮೂಲೆಗಳು ಸೇರಿ ಆ ಆಕಾರ ಮೂಡುತ್ತದೆ. ನೀವು ಚಿತ್ರಿಸಬೇಕಾದದ್ದು ಆ ತಿರುಗುವಿಕೆಯನ್ನು, ಅದರಿಂದ ಹುಟ್ಟಿದ ಗೋಡೆಯನ್ನಲ್ಲ. ಒಂದು ಚೌಕವನ್ನು ಕೈಬಿಟ್ಟು, ಇನ್ನೊಂದರ ಕೇಂದ್ರವನ್ನು ತುಸು ಸರಿಸಿ ನೋಡಿ.

ಉತ್ತರ 2:
ಡಚ್ ಅಮೂರ್ತ ಚಿತ್ರಕಾರ ಪೀಟ್ ಮಾಂಡ್ರಿಯಾನ್‌ನ ಮರದ ಚಿತ್ರಗಳನ್ನು ಕ್ರಮವಾಗಿ ನೋಡುವುದು ಒಳ್ಳೆಯದು. 1911ರ ಬೂದು ಮರದಲ್ಲಿ ಕಾಂಡ ಇನ್ನೂ ನಿಂತಿದೆ. 1912ರ ಹೂಬಿಟ್ಟ ಸೇಬಿನ ಮರಕ್ಕೆ ಬರುವಷ್ಟರಲ್ಲಿ ಕೊಂಬೆಗಳು ಕಮಾನುಗಳಾಗಿ, ಅವುಗಳ ನಡುವಿನ ಖಾಲಿ ಜಾಗವೇ ಚಿತ್ರದ ಮುಖ್ಯ ವಸ್ತುವಾಗಿದೆ. ಬರೋಡಾದಲ್ಲಿ ಕಲಿಸುತ್ತಿದ್ದ ಅಮೂರ್ತ ಕಲಾವಿದೆ ನಸ್ರೀನ್ ಮೊಹಮ್ಮದಿ ಫತೇಪುರ್ ಸಿಕ್ರಿಯ ಛಾಯಾಚಿತ್ರಗಳನ್ನು ತೆಗೆದರೂ ಬದುಕಿದ್ದಾಗ ಅವನ್ನು ಪ್ರದರ್ಶಿಸಲಿಲ್ಲ. ಜನರ ಮುಂದಿಟ್ಟದ್ದು ಶಾಯಿ, ಪೆನ್ಸಿಲಿನ ಗೆರೆಗಳನ್ನು. ನಿಮ್ಮ ಸ್ಥಳಚಿತ್ರಗಳೂ ಹಾಗೆಯೇ ಪೆಟ್ಟಿಗೆಯಲ್ಲಿರಲಿ, ಕ್ಯಾನ್ವಾಸಿನ ಪಕ್ಕದಲ್ಲಿ ಬೇಡ.

ಉತ್ತರ 3:
ಮೊದಲ ಉತ್ತರವನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಲೆಕ್ಕವನ್ನಷ್ಟೇ ನೆಚ್ಚಿದರೆ ಕೈವಾರದ ಅಭ್ಯಾಸ ಉಳಿಯುತ್ತದೆ, ಚಿತ್ರ ಹುಟ್ಟುವುದಿಲ್ಲ. ಆ ಗೋಡೆಯ ಪ್ರತಿಯೊಂದು ಮೂಲೆಯಲ್ಲಿ ಒಂದು ಮುಖ ಬಿಸಿಲನ್ನು ಹಿಡಿದರೆ ಪಕ್ಕದ್ದು ಕಪ್ಪಾಗುತ್ತದೆ. ಹೊತ್ತು ಏರಿದಂತೆ ಈ ಬಿಸಿಲು-ನೆರಳಿನ ಪಟ್ಟಿಗಳ ಅಗಲ ಬದಲಾಗುತ್ತದೆ, ಅಧಿಷ್ಠಾನದ (ಗುಡಿ ನಿಂತಿರುವ ಪೀಠದ) ಅಡ್ಡಪಟ್ಟಿಕೆಗಳು ಅವನ್ನು ನಡುವೆಯೇ ತುಂಡರಿಸುತ್ತವೆ. ನೆರಳಿನ ಅಂಚುಗಳನ್ನು ಮಾತ್ರ ಬರೆದುಕೊಳ್ಳಿ. ಜೊತೆಗೆ ಒಂದು ಅಡಿಕೆ ಮರವನ್ನು ಹತ್ತಿರದಿಂದ ಗಮನಿಸಿ: ಸೋಗೆ ಕಳಚಿದ ಜಾಗದ ಉಂಗುರಗಳು ಬುಡದ ಕಡೆ ದೂರ ದೂರ, ಮೇಲೆ ಹೋದಂತೆ ಒತ್ತೊತ್ತಾಗಿ ಇರುತ್ತವೆ, ನಡುನಡುವೆ ಬಿಳಿಯ ಕಲ್ಲುಹೂವಿನ ತೇಪೆಗಳು ಗೆರೆಯನ್ನು ನುಂಗಿಬಿಡುತ್ತವೆ. ಅಲ್ಲಿಯೂ ನಿಯಮವಿದೆ, ಆದರೆ ಎರಡು ಅಂತರಗಳು ಒಂದೇ ಸಮನಾಗಿಲ್ಲ. ಡಂಬಳದ ಚೌಕಗಳನ್ನು ಅಡಿಕೆಯ ಆ ಅಂತರಗಳಲ್ಲಿ ತಿರುಗಿಸಿದರೆ ನಿಮ್ಮ ಅಲಂಕಾರದ ತೊಡಕನ್ನು ಬಹುಮಟ್ಟಿಗೆ ಬಿಡಿಸಿಕೊಳ್ಳಬಹುದು.