ತುರ್ತು: ಫ್ಲೇವನಾಯ್ಡ್‌ಗೆ ಕನ್ನಡ ಪದ? ಇಲಿಯ ಲಿವರ್‌ಗೆ ಯಾವುದು ಸರಿ?

ದೇವನಹಳ್ಳಿಯಿಂದ:

ಎಲ್ಲರಿಗೂ ನಮಸ್ಕಾರ. ನಾಳೆ ಬೆಳಗ್ಗೆ ಹತ್ತಕ್ಕೆ ಫ್ಲೆಕ್ಸ್ ಅಂಗಡಿಗೆ ಕೊಡಬೇಕು, ಅದಕ್ಕೇ ಅವಸರ. ನಮ್ಮ ಕಾಲೇಜಿನ ಹಣ್ಣಿನ ಮೇಳದಲ್ಲಿ ಚಕ್ಕೋತದ ಮಳಿಗೆ ಇದೆ, ಅದರ ಮುಂದೆ ನಿಲ್ಲಿಸುವ ಬೋರ್ಡ್ ಇದು. ವಿಷಯ ಇಷ್ಟು. ಚಕ್ಕೋತ, ಗ್ರೇಪ್‌ಫ್ರೂಟ್ ಇವುಗಳ ಫ್ಲೇವನಾಯ್ಡ್ (ಗಿಡಗಳು ತಾವೇ ತಯಾರಿಸುವ ಒಂದು ಬಗೆಯ ರಾಸಾಯನಿಕ) ಒಂದಿದೆ, ನಾರಿಂಜೆನಿನ್ ಅಂತ. 2009ರಲ್ಲಿ ಕೆನಡಾದ ವೆಸ್ಟರ್ನ್ ಒಂಟಾರಿಯೊ ವಿಶ್ವವಿದ್ಯಾಲಯದವರು ಇದನ್ನು ಕೊಬ್ಬಿನ ತಿನಿಸಿನಲ್ಲಿ ಬೆರೆಸಿ ಇಲಿಗಳಿಗೆ ಕೊಟ್ಟು ನೋಡಿದರು. ಬರೀ ಕೊಬ್ಬಿನ ತಿನಿಸು ತಿಂದ ಇಲಿಗಳ ಲಿವರಿನಲ್ಲಿ ಕೊಬ್ಬು ತುಂಬಿತು, ಬೆರೆಸಿದ್ದು ತಿಂದವುಗಳಲ್ಲಿ ಅಷ್ಟು ತುಂಬಲಿಲ್ಲ. ಅವು ಕಡಿಮೆ ತಿಂದವು ಅಂತಲ್ಲ, ಲಿವರೇ ಕೊಬ್ಬನ್ನು ಜಾಸ್ತಿ ಉರಿಸಿತ್ತು.

ಫ್ಲೇವನಾಯ್ಡ್‌ಗೆ ಏನು ಬರೆಯಲಿ? ಫೋನಿನ ಅನುವಾದಕ್ಕೆ ಹಾಕಿದರೆ ‘ಸುವಾಸಕ’ ಅಂತ ಬಂತು, ಯಾಕೋ ಧೈರ್ಯ ಸಾಲಲಿಲ್ಲ. ಲಿವರ್‌ಗೆ ಯಕೃತ್ತೋ ಪಿತ್ತಜನಕಾಂಗವೋ? ‘ಯಕೃತ್ ರಕ್ಷಕ’ ಅನ್ನಬಹುದಾ?

ಧಾರವಾಡದಿಂದ:

ಸುವಾಸಕ ಶುದ್ಧ ತಪ್ಪು. ಫ್ಲೇವರ್‌ಗೂ ಇದಕ್ಕೂ ಸಂಬಂಧ ಇಲ್ಲ. ಲ್ಯಾಟಿನ್ನಿನ ಫ್ಲಾವುಸ್ ಅಂದರೆ ಹಳದಿ, ಅದರಿಂದ ಬಂದ ಹೆಸರು. ಹಾಗಂತ ‘ಹಳದಿಕ’ ಅಂತ ಹೊಸದಾಗಿ ಕಟ್ಟೋಕೆ ಹೋಗಬೇಡ್ರಿ. ನೇರಳೆ ಹಣ್ಣಿನ ಬಣ್ಣವೂ ಇದೇ ಬಳಗದ್ದು. ಅರಿಸಿನದ ಕರ್ಕ್ಯುಮಿನ್ ಅಷ್ಟು ಹಳದಿ ಇದ್ದರೂ ಈ ಬಳಗದ್ದಲ್ಲ. ಫ್ಲೇವನಾಯ್ಡ್ ಅಂತಲೇ ಬರೀರಿ. ಮುಗೀತು.

ಮೈಸೂರಿನಿಂದ:

ಮುಗಿಯಲಿಲ್ಲ ಸಾರ್. ಎಲ್ಲದಕ್ಕೂ ಇದ್ದದ್ದನ್ನೇ ಇಳಿಸಿಕೊಳ್ಳೋದಾದರೆ ಈ ಚರ್ಚೆ ಯಾಕೆ ಬೇಕು? ಮೇಡಂ, ಲಿವರ್‌ಗೆ ನಮ್ಮದೇ ಪದ ಇದೆ, ಈಲಿ. ತಮಿಳಿನಲ್ಲಿ ಈರಲ್. ನಮ್ಮ ಕಡೆ ಮಟನ್ ಅಂಗಡಿಯಲ್ಲಿ ‘ಅರ್ಧ ಕೆಜಿ ಮಾಂಸ, ಸ್ವಲ್ಪ ಈಲಿ ಹಾಕಪ್ಪ’ ಅಂದರೆ ಸಾಕು. ಯಕೃತ್ತು ಕೊಡು ಅಂತ ಯಾರಾದರೂ ಕೇಳಿದ್ದುಂಟಾ?

ಇನ್ನು ನಾರಿಂಜೆನಿನ್. ಆ ‘ಜೆ’ ಎಲ್ಲಿಂದ ಬಂತು? ಮೂಲ ನಾರಂಗ, ಸಂಸ್ಕೃತದ್ದು. ಅದೂ ದ್ರಾವಿಡ ಮೂಲದ್ದು ಅನ್ನೋ ವಾದ ಇದೆ, ಮಲೆಯಾಳದವರು ನಿಂಬೆ ಜಾತಿಯ ಹಣ್ಣಿಗೆ ಇವತ್ತಿಗೂ ನಾರಙ್ಙ ಅಂತಾರೆ. ಪರ್ಷಿಯಾ, ಅರಬ್ಬರ ನಾಡು, ಸ್ಪೇನ್ ಎಲ್ಲಾ ಸುತ್ತಿ ಅದೇ ಪದ ಇಂಗ್ಲಿಷಿನಲ್ಲಿ ಆರೆಂಜ್ ಆಯಿತು. ನಮ್ಮ ಮನೆ ಕೂಸು ಊರೆಲ್ಲಾ ತಿರುಗಿ ವೇಷ ಹಾಕಿಕೊಂಡು ಬಂದರೆ ನಾವೇ ಗುರುತು ಹಿಡಿಯಬಾರದಾ? ‘ನಾರಂಗೆನಿನ್’ ಅಂತ ಬರೆಯಿರಿ.

ಧಾರವಾಡದಿಂದ:

ಬರೀಬೇಡ್ರಿ. ನಾರಿಂಜಿನ್ ಬೇರೆ, ನಾರಿಂಜೆನಿನ್ ಬೇರೆ. ಮೊದಲನೆಯದಕ್ಕೆ ಸಕ್ಕರೆ ಅಂಟಿಕೊಂಡಿದೆ, ಆದರೂ ಹಣ್ಣಿನ ಕಹಿ ಅದರದ್ದೇ. ಕರುಳಿನ ಬ್ಯಾಕ್ಟೀರಿಯಾ ಆ ಸಕ್ಕರೆಯನ್ನು ಕಳಚಿದ ಮೇಲೆ ಉಳಿಯೋದು ನಾರಿಂಜೆನಿನ್. ಒಂದಕ್ಷರ ಆಚೀಚೆ ಆದರೆ ವಸ್ತುವೇ ಬದಲು. ರಸಾಯನಶಾಸ್ತ್ರದಲ್ಲಿ ಮನೆ ಕೂಸು ಗೀಸು ನಡೆಯೋದಿಲ್ಲ.

ಇನ್ನೊಂದು. ‘ಇಲಿಯ ಈಲಿ’ ಅಂತ ಒಮ್ಮೆ ಜೋರಾಗಿ ಓದಿ ನೋಡ್ರಿ. ಫ್ಲೆಕ್ಸ್ ಅಂಗಡಿಯವನು ಅಚ್ಚಿನ ತಪ್ಪು ಅಂತ ತಾನೇ ತಿದ್ದಿ ‘ಇಲಿಯ ಇಲಿ’ ಮಾಡಿ ಕಳಿಸ್ತಾನೆ.

ಪುತ್ತೂರಿನಿಂದ:

ನಗು ತಡೆಯಲಾಗಲಿಲ್ಲ. ಪಿತ್ತಜನಕಾಂಗ ಮಾತ್ರ ಬೇಡ ಮೇಡಂ. ಓದುವವರು ಅರ್ಧಕ್ಕೇ ಅದನ್ನು ಪಿತ್ತಕೋಶ ಮಾಡಿಕೊಳ್ಳುತ್ತಾರೆ, ಅದು ಬೇರೆ ಅಂಗ. ಯಕೃತ್ತು ಸಾಕು.

ನನ್ನ ತಕರಾರು ‘ರಕ್ಷಕ’ದ ಮೇಲೆ. ಟಾನಿಕ್ ಬಾಟಲಿಯ ಭಾಷೆ ಅದು. ಆ ಇಲಿಗಳು ನಮ್ಮ ಅಟ್ಟದ ಇಲಿಗಳೂ ಅಲ್ಲ, ಎಲ್‌ಡಿಎಲ್ ಎಂಬ ‘ಕೆಟ್ಟ’ ಕೊಲೆಸ್ಟರಾಲನ್ನು ಜೀವಕೋಶದೊಳಗೆ ಎಳೆದುಕೊಳ್ಳುವ ಗ್ರಾಹಕ ಪ್ರೋಟೀನೇ ಇಲ್ಲದ ಹಾಗೆ ಬೆಳೆಸಿದ ತಳಿ. ತಿನಿಸಿನಲ್ಲಿ ನಾರಿಂಜೆನಿನ್ ಒಂದು ಇಲ್ಲವೇ ಮೂರು ಶೇಕಡಾ ಇತ್ತು. ಮೂರು ಅಂದರೆ ಕೆಜಿಗೆ 30 ಗ್ರಾಂ, ಬುಟ್ಟಿಗಟ್ಟಲೆ ಚಕ್ಕೋತ ತಿಂದರೂ ನಮಗೆ ಆ ಲೆಕ್ಕದಲ್ಲಿ ಸಿಗುವುದಿಲ್ಲ. ಬೋರ್ಡ್ ನೋಡಿದವರು ಫ್ಯಾಟಿ ಲಿವರ್‌ಗೆ ಮದ್ದು ಸಿಕ್ಕಿತು ಅಂತ ಮಾತ್ರೆ ಬಿಟ್ಟು ಹಣ್ಣು ಹಿಡಿದರೆ? ಗ್ರೇಪ್‌ಫ್ರೂಟ್ ರಸ ಕೆಲವು ಕೊಲೆಸ್ಟರಾಲ್ ಮಾತ್ರೆಗಳ ಅಂಶ ರಕ್ತದಲ್ಲಿ ಏರುವಂತೆ ಮಾಡುತ್ತದೆ, ಅದೂ ನೆನಪಿರಲಿ. ‘ಕಡಿಮೆಯಾಯಿತು’ ಅಂತ ನಡೆದದ್ದನ್ನು ಹೇಳಿ, ‘ಕಾಪಾಡುತ್ತದೆ’ ಅನ್ನಬೇಡಿ.

ಮೈಸೂರಿನಿಂದ:

ಯಕೃತ್ತೂ ಎರವಲು, ಫ್ಲೇವನಾಯ್ಡೂ ಎರವಲು. ಒಂದು ಹಳೇ ಸಾಲ, ಒಂದು ಹೊಸ ಸಾಲ, ಅಷ್ಟೇ. ಹಳೇ ಸಾಲಕ್ಕೆ ಯಾಕೆ ಇಷ್ಟು ಮರ್ಯಾದೆ? ಕಬ್ಬಿಣದ ಅಂಶ ಅಂತ ಹಳ್ಳಿಯ ಬಾಣಂತಿಯೂ ಅಂತಾಳೆ, ಐರನ್ ಅಂತ ಕಾಯಲಿಲ್ಲ.

ಧಾರವಾಡದಿಂದ:

ಅದೇ ಬಾಣಂತಿ ವಿಟಮಿನ್ ಅಂತಾಳೆ, ಜೀವಸತ್ವ ಅನ್ನೋದಿಲ್ಲ. ಕಬ್ಬಿಣ ಆಕೆಯ ಮನೆಯಲ್ಲಿ ಮೊದಲೇ ಇತ್ತು, ಫ್ಲೇವನಾಯ್ಡ್ ಇರಲಿಲ್ಲ. ಸುಮ್ನೆ ಎಳೀಬೇಡ್ರಿ.

ದೇವನಹಳ್ಳಿಯಿಂದ:

ಜಗಳದ ನಡುವೆ ನನ್ನ ಕೆಲಸ ಆಯಿತು. ಹೀಗೆ ಬರೆದು ಕಳಿಸಿದೆ: ‘ಚಕ್ಕೋತದ ಕಹಿಗೆ ಕಾರಣ ನಾರಿಂಜಿನ್ ಎಂಬ ಫ್ಲೇವನಾಯ್ಡ್. ಅದರಿಂದ ಬರುವ ನಾರಿಂಜೆನಿನ್ ಅನ್ನು ಕೊಬ್ಬಿನ ತಿನಿಸಿನ ಜೊತೆ ಇಲಿಗಳಿಗೆ ಕೊಟ್ಟಾಗ ಅವುಗಳ ಯಕೃತ್ತಿನಲ್ಲಿ ಕೊಬ್ಬು ಸೇರುವುದು ಕಡಿಮೆಯಾಯಿತು. ಇದು ಇಲಿಗಳ ಮಾತು, ಹಣ್ಣು ಔಷಧಿಯಲ್ಲ.’ ಮೈಸೂರಿನ ಸಾರ್, ಈಲಿ ಕೈಬಿಟ್ಟದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡಿ.

ಮೈಸೂರಿನಿಂದ:

ಬೇಜಾರಿಲ್ಲ, ಮಳಿಗೆಯ ಹೆಸರಲ್ಲಾದರೂ ‘ಸಿಟ್ರಸ್’ ಅನ್ನಬೇಡಿ. ಅದಕ್ಕೆ ಹಳೆಯ ಪದ ಈಳೆ. ಕಿರಿದಾದ ಈಳೆ ಕಿತ್ತೀಳೆ, ಅದೇ ಕಿತ್ತಳೆ. ಹಿರಿದಾದದ್ದು ಹೇರೀಳೆ, ಅದೇ ಚಿತ್ರಾನ್ನಕ್ಕೆ ಹಿಂಡುವ ಹೆರಳೆಕಾಯಿ.

ಧಾರವಾಡದಿಂದ:

ಈಳೆ, ಇಲಿ, ಈಲಿ. ತರೀಕೆರೆ ಏರಿ ಮೇಲಿನ ಕುರಿಮರಿಗೆ ಜೊತೆ ಸಿಕ್ಕಿತು.

ಪುತ್ತೂರಿನಿಂದ:

ವಿಷಯ ಬಿಟ್ಟು ಒಂದು ಪ್ರಶ್ನೆ. ನಮ್ಮ ಮನೆಯಲ್ಲಿ ಹೆರಳೆಕಾಯಿ ಬೇರೆ, ಕಂಚಿಕಾಯಿ ಬೇರೆ. ನಿಮ್ಮ ಕಡೆ ಎರಡೂ ಒಂದೇನಾ?